ಬಾಜೂಕ ಇಡ್ರಿ ಅಂದಿದ್ದ ಸೀರಿ

ಸೋಡಾ ಹಾಕಿ ಕುದಿಸಿದ ಹಳೇ ಅರಿವಿ ವಾಸನಿ ನನಗ ಆಗಂಗಿಲ್ಲ. ಮೊನ್ನೆ ಬಾಜೂ ಮನಿ ಹುಡುಗಿ ದೊಡ್ಡ ಬೋಗಾಣಿ ತುಂಬ ಹಳೇ ಸೀರಿ ಕುದಿಸಾಕ ಇಟ್ಟು, "ಅಜ್ಜಿ, ನೀವು ಹೊಲಿಗಿ ಅಕ್ಕೋರು ಇದ್ರಂತಲ್ರಿ, ನನಗ ಕೌದಿ ಹೊಲಿಯೂದು ಕಲಸ್ರಿ" ಅಂತ ನಕ್ಕೋತ ಬಂದ್ಲು. ಆಕಿ ಹಿಂದಿಂದ ಆ ವಾಸನಿನೂ ಬಂತು. ನಾ ಹುಡುಗಿ ಮ್ಯಾಲ ಹರಿಹಾಯ್ದೆ. ಮೊದಲು ಹೋಗಿ ಗ್ಯಾಸ್ ಆರಸು, ಅಂದೆ. ಗಾಬರಿ ಆಗಿ ಓಡಿದ್ಲು. ಆಕಿದೇನೂ ತಪ್ಪಿರಲಿಲ್ಲ. ತಪ್ಪು ಆಗಿದ್ದು ಹಿರೇಬೆಂಡಿಗೇರಿಯೊಳಗ, ಮಾಡಿದಾಕಿ ನಾನು, ಆಗ ಹೊಸಾ ಪೈಸೆ ಬಂದು ಎರಡು ವರ್ಷ ಆಗಿತ್ತು.

ನಮ್ಮದು ಹಾನಗಲ್ಲ. ಅಪ್ಪ ತೀರಿಕೊಂಡ ಮ್ಯಾಲ ಮನಿ ಅಣ್ಣನ ಕೈಯಾಗ ಬಂತು, ಅಣ್ಣ ವೈನಿ ಕೈಯಾಗ ಇದ್ದ. ನನಗ ಇಪ್ಪತ್ತು ತುಂಬಿತ್ತು. ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸಾಗಿ, ಹಟಾ ಮಾಡಿ ಧಾರವಾಡದಾಗ ಒಂದು ವರ್ಷದ ಹೊಲಿಗಿ ಕೋರ್ಸ್ ಮುಗಿಸಿದ್ದೆ. ಅಷ್ಟರಾಗ ಹಿರೇಕೆರೂರಿನಿಂದ ಒಂದು ವರ ಬಂತು. ಹೆಂಡತಿ ಸತ್ತಾಂವ, ಮೂರು ಮಕ್ಕಳ ತಂದಿ, ದೊಡ್ಡ ಮಗಳು ನನಗಿಂತ ನಾಕು ವರ್ಷ ಸಣ್ಣಾಕಿ. ನನ್ನ ನೋಡಾಕ ಬಂದಾಗ ಹೆಸರು ಸುದ್ದಾ ಕೇಳಲಿಲ್ಲ. "ದಿನಾ ಎಷ್ಟು ರೊಟ್ಟಿ ಬಡೀತಾಳ?" ಅಂತ ವೈನಿನ್ನ ಕೇಳಿದ. ಆ ಮನುಷ್ಯಾನ ಮಾರಿ ನೆನಸಿಕೊಂಡ್ರ ಇವತ್ತಿಗೂ ನನಗ ಸಿಟ್ಟು ಬರ್ತೈತಿ.

ಅದೇ ವಾರದಾಗ ನನ್ನ ನೌಕರಿ ಹುಕುಂ ಬಂತು. ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿಯೊಳಗ ಹೆಣ್ಣುಮಕ್ಕಳಿಗೆ ಕೌದಿ ಹೊಲಿಯೂದು ಕಲಸಬೇಕು. ಹಂಗಾಮಿ ನೌಕರಿ. ರೋಹಿಣಿ ಮಳಿ ಬೀಳೂದ್ರೊಳಗ ಹೊಸದಾಗಿ ಕಲಿತವರ ಕೈಯಿಂದ ಆರು ಕೌದಿ ಮುಗಿಸಿ ಶಿಗ್ಗಾಂವ ಕಚೇರಿ ಸಾಹೇಬ್ರಿಗೆ ತೋರಿಸಿದ್ರ ಕಾಯಂ, ಇಲ್ಲಂದ್ರ ಮನಿ ಹಾದಿ. ಅಣ್ಣ ನನ್ನ ಬಸ್ ಹತ್ತಿಸಾಕ ಬಂದಾಂವ ಕಿಡಕಿ ಹಿಡಕೊಂಡು ಹೇಳಿದ, "ಕಾಯಂ ಆದ್ರ ಆತು, ನಾ ಏನೂ ಅನ್ನಂಗಿಲ್ಲ. ಆಗಲಿಲ್ಲಂದ್ರ ಜ್ಯೇಷ್ಠದಾಗ ಆ ಹಿರೇಕೆರೂರಿನ ವರನ ಜೋಡಿ ನಿನ್ನ ಅಕ್ಕಿಕಾಳು. ನೆನಪಿಟ್ಕೊ." ಶಿಗ್ಗಾಂವ ಬರೂಮಟ ನಾ ಆ ಮಾತನ್ನ ಬಾಯಾಗ ಇಟ್ಕೊಂಡು ಅಗದೆ. ಅಲ್ಲಿಂದ ಚಕ್ಕಡಿ ಹಿಡದು ಊರು ಮುಟ್ಟಿದಾಗ ಹೋಳಿಹುಣ್ಣಿವಿ ಬಣ್ಣ ಇನ್ನೂ ಗ್ವಾಡಿ ಮ್ಯಾಲ ಇತ್ತು.

ಚಾವಡಿ ಹಿಂದಿನ ಒಂದು ಖೋಲಿ ನನಗ ಕೊಟ್ಟಿದ್ರು. ಮೊದಲು ಅದರಾಗ ಹತ್ತಿ ತುಂಬತಿದ್ರಂತ. ಮ್ಯಾಲ ತಗಡು, ಒಂದೇ ಕಿಡಕಿ, ಮಧ್ಯಾಹ್ನ ಆದ್ರ ಕುಂತಲ್ಲೇ ಮೈ ಬೇಯತಿತ್ತು. ಅದರಾಗ ವರ್ಗ, ಅದರ ಮೂಲಿಯೊಳಗ ನನ್ನ ಒಲಿ, ಹಾಸಿಗಿ, ಕಚೇರಿ ಕೊಟ್ಟ ಒಂದು ದೊಡ್ಡ ಟ್ರಂಕು. ಜೋಡಿ ಒಂದು ಪುಸ್ತಕ. ಅದರಾಗ ಬರದಿತ್ತು: ಹಳೇ ಅರಿವಿ ಎಲ್ಲಾ ಒಟ್ಟಿಗೆ ಕೂಡಿಸಬೇಕು, ಸೋಡಾ ಹಾಕಿ ಕುದಿಸಬೇಕು, ಐದಿಂಚಿನ ಚೌಕ ಕತ್ತರಿಸಬೇಕು, ಕಲಿಯೋರಿಗೆ ಸರಿಸಮ ಹಂಚಬೇಕು. ನಾ ಆ ಪುಸ್ತಕ ಬಾಯಿಪಾಠ ಮಾಡಿದ್ದೆ.

ಮೊದಲನೇ ದಿವಸ ಏಳು ಮಂದಿ ಬಂದ್ರು. ಆರು ಮಂದಿ ಒಳಗ ಕುಂತ್ರು, ಏಳನೇದಾಕಿ ಹೊಸ್ತಲ ಮ್ಯಾಲ ಕುಂತ್ಲು, ಒಳಗ ಬರಲಿಲ್ಲ. ಆಕಿ ಹೆಸರು ಬಸಲಿಂಗವ್ವ. ಐವತ್ತರ ಆಜೂಬಾಜು ವಯಸ್ಸು, ತೊಡಿ ಮ್ಯಾಲ ಹತ್ತು ತಿಂಗಳ ಒಂದು ಹೆಣ್ಣುಕೂಸು. ಆ ಊರಾಗ ಕೌದಿ ಅಂದ್ರ ಬಸಲಿಂಗವ್ವ, ಬಸಲಿಂಗವ್ವ ಅಂದ್ರ ಕೌದಿ. ನನಗ ಅದು ಗೊತ್ತಿರಲಿಲ್ಲ. ನಾ ಸೂಜಿ ಹಿಡಿಯೂದು ಹೆಂಗ ಅಂತ ಹೇಳಾಕ ಚಾಲೂ ಮಾಡಿದೆ. ಅವರು ಹುಟ್ಟಿದಾಗಿಂದ ಸೂಜಿ ಹಿಡಿದ ಮಂದಿ, ನನ್ನ ಮಾರಿ ನೋಡಿಕೋತ ಕುಂತ್ರು.

"ಅಕ್ಕೋರ, ನೀವು ಹೊಲಿದ ಕೌದಿ ಹೊಚ್ಚಿಕೊಂಡು ಯಾರರೆ ಮಕ್ಕೊಂಡಾರೇನ್ರಿ?" ಅಂತ ಹೊಸ್ತಲದಿಂದ ಬಸಲಿಂಗವ್ವ ಕೇಳಿದ್ಲು.

ನಾ ಪರೀಕ್ಷೆಗೆ ಹೊಲಿದಿದ್ದ ಮಾದರಿ ತೆಗೆದು ತೋರಿಸಿದೆ. ಕರವಸ್ತ್ರದಷ್ಟು ದೊಡ್ಡದು, ಮೂಲಿಯೊಳಗ ನನ್ನ ಪರೀಕ್ಷಾ ನಂಬರಿನ ಚೀಟಿ. ಅದು ಕೈಯಿಂದ ಕೈಗೆ ಹೋತು. ಶಾಂತವ್ವ ಅಂತ ಒಬ್ಬಾಕಿ, ನನ್ನ ವಯಸ್ಸಿನಾಕಿ, ಬಾಯಿ ಕತ್ತರಿಯಂಥಾಕಿ, ಅದನ್ನ ಬೆಳಕಿಗೆ ಹಿಡಿದು, "ಇದನ್ನ ಇಲಿಗೆ ಹೊಚ್ಚೂದೇನ್ರಿ?" ಅಂದ್ಲು. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ಬಸಲಿಂಗವ್ವನ ತೊಡಿ ಮ್ಯಾಲಿನ ಕೂಸೂ ನಕ್ತು. ನಾ ನಗಲಿಲ್ಲ. ಅವತ್ತೇ ಆ ಹೆಂಗಸರನ್ನ ಕಂಡ್ರ ನನಗ ಆಗದಂಗ ಆತು, ಅವರಿಗೂ ನನ್ನ ಕಂಡ್ರ ಹಂಗ.

ಅವರು ಹೊಲಿಯೂ ರೀತಿನೇ ಬ್ಯಾರೆ. ಕತ್ತರಿ ಮುಟ್ಟತಿರಲಿಲ್ಲ. ಸೀರಿ ಅಂಚಿಗೆ ಹಲ್ಲು ಹಚ್ಚಿ ಒಮ್ಮೆ ಕಚ್ಚಿದ್ರ ಕೈಲೇ ಪರ್ ಅಂತ ಹರಿತಿದ್ರು. ಧೋತರ, ಸೀರಿ ಒಂದರ ಮ್ಯಾಲ ಒಂದು ಹಾಸಿ, ನಾಕು ಮೂಲಿಗೆ ಕಲ್ಲು ಹೇರಿ, ಅಂಚಿನಿಂದ ಸಾಲು ಹಿಡದು ಸುತ್ತಿಕೋತ ಸುತ್ತಿಕೋತ ನಡುವಿಗೆ ಬರ್ತಿದ್ರು. ಅಳತಿ ಇಲ್ಲ, ಗೆರಿ ಇಲ್ಲ, ಆದ್ರೂ ಸಾಲು ನೇಗಿಲು ಹೊಡದಂಗ ನೆಟ್ಟಗ. ನನ್ನ ಸಾಲು ಸೊಟ್ಟ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದ್ರ ಒಬ್ಬರೂ ಒಂದು ಚಿಂದಿ ಮುಂದ ಹಿಡಿಲಿಲ್ಲ. ಹೊಸದಾಗಿ ಕಲಿಯೋ ಹುಡುಗೇರಿಗೆ ಅಲ್ಲಿ ಮೊದಲು ಕೂಸಿನ ಕೌದಿ ಹೊಲಿಯಾಕ ಕೊಡತಿದ್ರು, ಸಣ್ಣದು ಅಂತ. ಕೂಸಿನ ಕೌದಿಗೆ ಆ ಕೂಸಿನ ಅವ್ವನ ಸೀರಿನೇ ಆಗಬೇಕು, ಉಟ್ಟು ಮೈವಾಸನಿ ಹತ್ತಿದ್ದು, ಒಗೀಲಾರದ್ದು. ಶಾಂತವ್ವ ಇದನ್ನ ಹೇಳಿದಾಗ ನಾ ಮೂಗು ಮುರದೆ. ಒಗೀಲಾರದ ಅರಿವಿಯೊಳಗ ರೋಗ ಇರ್ತೈತಿ, ಸೋಡಾದಾಗ ಕುದಿಸಲೇಬೇಕು ಅಂತ ಪುಸ್ತಕ ಓದಿ ಹೇಳಿದೆ. ಶಾಂತವ್ವ ಸೂಜಿಗೆ ದಾರ ಪೋಣಸಾಕ ಹತ್ತಿದ್ಲು.

ಯುಗಾದಿ ಮುಗಿದ ಮ್ಯಾಲ ಒಂದು ದಿನ ಮುಂಜಾನೆ, ಯಾರೂ ಬರೂಕಿಂತ ಮೊದಲು, ಬಸಲಿಂಗವ್ವ ಒಬ್ಬಾಕಿನೇ ಬಂದ್ಲು. ಹೊಸ್ತಲದ ಹೊರಗ ನಿಂತೇ ಗಿಳಿಹಸರಿನ ಒಂದು ಸೀರಿ ನನ್ನ ಕೈಯಾಗ ಇಟ್ಲು. ಸಾದಾ ಸೀರಿ, ಅಂಥಾವು ಆ ಊರಾಗ ಹತ್ತು ಮನಿಯೊಳಗ ಇದ್ದವು. ಒಂದು ಕಡೆ ಹರಿದಿದ್ದಕ್ಕ ಕೆಂಪು ದಾರದಾಗ ತುಂಬಿದ್ರು.

"ಇದನ್ನ ಬಾಜೂಕ ಇಡ್ರಿ. ನಾ ಹತ್ತಿಮತ್ತೂರಿಗೆ ಹೊಂಟೇನಿ, ಕೂಸಿನ ಜಾವಳ ತಗಸೂದೈತಿ. ಮೂರು ದಿನದಾಗ ಬಂದು ನಾನೇ ಹೊಲಿತೇನಿ."

"ನಿಮ್ಮ ಮನಿಯೊಳಗ ಇಟ್ಕೊಳ್ಳಾಕ ಜಾಗಾ ಇಲ್ಲೇನ್ರಿ?" ಅಂದೆ ನಾನು.

"ಇಲ್ಲಿ ಹೊಲಿತೀರಲ್ಲ, ಇಲ್ಲೇ ಇರ್ಲಿ. ಆರು ಮಂದಿ ಕೈ ಹತ್ತಿದ್ರ ಲಗೂನ ಆಗ್ತೈತಿ" ಅಂದ್ಲು, ಹೋದ್ಲು. ಯಾಕ, ಏನು ಅಂತ ಹೇಳಲಿಲ್ಲ. ನಾ ಕೇಳಲಿಲ್ಲ. ನನಗ ಅವತ್ತು ಅನಿಸಿದ್ದು ಒಂದೇ: ನನ್ನ ವರ್ಗದಾಗ ಈಕಿ ನನಗ ಹುಕುಂ ಮಾಡ್ತಾಳ. ಆ ಸೀರಿ ತಗೊಂಡು ಹಳೇ ಅರಿವಿ ರಾಶಿ ಮ್ಯಾಲ ಒಗದೆ. ಬಾಜೂಕ ಇಡ್ರಿ ಅಂದಿದ್ಲು, ನನಗ ಕೇಳಿಸಿತ್ತು, ನಾ ಇಡಲಿಲ್ಲ. ಇದನ್ನ ಎಷ್ಟು ತಿರುಗಿಸಿ ಹೇಳಿದ್ರೂ ಬ್ಯಾರೆ ಆಗಂಗಿಲ್ಲ.

ಮರುದಿನ ಸಂತಿ. ಊರ ಹೆಂಗಸರೆಲ್ಲಾ ಶಿಗ್ಗಾಂವಿಗೆ ಹೋದಾಗ ನಾ ಖೋಲಿ ಮುಂದ ಮೂರು ಕಲ್ಲು ಇಟ್ಟು, ಹಂಡೆ ಏರಿಸಿ, ಅವರು ತಂದಿಟ್ಟಿದ್ದ ಅರಿವಿ ಎಲ್ಲಾ ಸೋಡಾದಾಗ ಕುದಿಸಿದೆ. ಬಿಸಲಿಗೆ ಒಣಗಾಕ ಎಷ್ಟೊತ್ತು ಬೇಕು? ಸಂಜಿಯೊಳಗ ಸ್ಕೇಲು ಹಿಡದು ಐದಿಂಚಿನ ಚೌಕ ಕತ್ತರಿಸಿ, ಕಲಸಿ, ಆರು ಪಾಲು ಮಾಡಿ ಇಟ್ಟೆ. ಕೈಯಾಗ ಬೊಬ್ಬಿ ಬಂದಿದ್ದವು. ಖುಷಿ ಆಗಿತ್ತು, ಸುಳ್ಳು ಹೇಳಂಗಿಲ್ಲ.

ಮರುದಿನ ಬಂದ ಹೆಂಗಸರು ಬಾಗಲದಾಗ ನಿಂತುಬಿಟ್ರು. ಒಬ್ಬಾಕಿ ಒಂದು ಚೌಕ ಎತ್ತಿ ಮೂಸಿ ನೋಡಿ ಕೆಳಗ ಇಟ್ಲು.

"ಇದರಾಗ ನಮ್ಮ ಅತ್ತಿ ಸೀರಿ ಯಾವದ್ರಿ?" ಅಂದ್ಲು ಶಾಂತವ್ವ.

"ಎಲ್ಲಾ ಎಲ್ಲಾರದು. ಸರಿಸಮ ಹಂಚೇನಿ."

"ಯಾರನ್ನ ಕೇಳಿ ಹಂಚಿದ್ರಿ?"

ನಾ ಪುಸ್ತಕ ತೋರಿಸಿದೆ. ಶಾಂತವ್ವ ಅದನ್ನ ನೋಡಲಿಲ್ಲ, ನನ್ನ ನೋಡಿದ್ಲು. ಅವತ್ತು ಅವರು ಎದ್ದು ಹೋಗಬೇಕಿತ್ತು. ಹೋಗಲಿಲ್ಲ, ಯಾಕಂದ್ರ ಕತ್ತರಿಸಿದ್ದು ಮತ್ತ ಸೀರಿ ಆಗಂಗಿಲ್ಲ, ಮಳಿಗಾಲಕ್ಕ ಮನಿಯೊಳಗ ಹೊಚ್ಚಿಕೊಳ್ಳಾಕ ಬೇಕು. ಹೊಲಿದ ಕೌದಿ ಅವರವರಿಗೇ ಅಂತ ನಾ ಮೊದಲೇ ಹೇಳಿದ್ದೆ. ಕುಂತು ಹೊಲಿದ್ರು. ಮೊದಲು ಹಾಡು ಹೇಳಿಕೋತ ಹೊಲೀತಿದ್ದವರು ಆಮ್ಯಾಲ ಒಂದೂ ಹಾಡು ಹೇಳಲಿಲ್ಲ. ನಾ ನೀರು ಕೇಳಿದ್ರ ತಂಬಗಿ ನೆಲದ ಮ್ಯಾಲ ಕುಕ್ಕಿ ಇಡತಿದ್ರು.

ಮೂರು ದಿನದಾಗ ಬರ್ತೇನಿ ಅಂದ ಬಸಲಿಂಗವ್ವ ಬರಲಿಲ್ಲ. ಕೂಸಿಗೆ ಅಲ್ಲಿ ದಡಾರ ಎದ್ದು ಐದು ವಾರ ಹತ್ತಿಮತ್ತೂರಿನಾಗ ಉಳಿದ್ಲು. ಊರಿಗೆಲ್ಲಾ ಗೊತ್ತಿತ್ತು, ನನಗ ಯಾರೂ ಹೇಳಲಿಲ್ಲ. ನನಗ ಆಕಿ ನೆನಪೂ ಆಗಲಿಲ್ಲ. ಎರಡು ಅಡ್ಡಮಳಿ ಬಿದ್ದು ತಗಡು ಸ್ವಲ್ಪ ತಣ್ಣಗಾತು. ಆರೂ ಕೌದಿ ಮುಗಿದ್ವು. ಹೊರಗ ಹಗ್ಗದ ಮ್ಯಾಲ ಸಾಲಾಗಿ ಹಾಕಿ ನೋಡಿದೆ, ಆರೂ ಕೌದಿಯೊಳಗ ಅಲ್ಲಲ್ಲೆ ಗಿಳಿಹಸರು. ಸಾಹೇಬ್ರಿಗೆ ತೋರಿಸಾಕ ನಾಕೇ ದಿನ ಇತ್ತು. ಹಿರೇಕೆರೂರಿನ ರೊಟ್ಟಿ ಲೆಕ್ಕದ ಮನುಷ್ಯಾಗ, ಇನ್ನ ನಿನ್ನ ಗೊಡವಿ ಇಲ್ಲ ಅಂತ ಮನಸಿನ್ಯಾಗೇ ಕೈ ಮುಗದೆ.

ಅಷ್ಟೊತ್ತಿಗೆ ಬಸಲಿಂಗವ್ವ ಬಂದ್ಲು. ಕೂಸು ಬಗಲಾಗ, ಸೊರಗಿ ಬರೇ ಕಣ್ಣಾಗಿತ್ತು, ಒಂದೇ ಸಮ ಕಿರಿಕಿರಿ ಅಳತಿತ್ತು.

"ನನ್ನ ಸೀರಿ ಕೊಡ್ರಿ ಅಕ್ಕೋರ. ಈಕಿ ಅದಿಲ್ಲದ ಮಕ್ಕೊಳ್ಳವಲ್ಲಳು. ಮೂರು ದಿನ ಹೆಂಗರೆ ತಡೀತಾಳ ಅಂತ ಬಿಟ್ಟು ಹೋಗಿದ್ದೆ, ಐದು ವಾರ ಆತು, ನನಗ ಸಾಕಾಗೇತಿ."

ಆಕಿ ಕಣ್ಣು ಹಗ್ಗದ ಮ್ಯಾಲ ಹೋತು. ಮೊದಲನೇ ಕೌದಿ ಹತ್ತರ ಹೋಗಿ ಹಸರು ಚೌಕದ ಮ್ಯಾಲ ಕೈ ಆಡಿಸಿದ್ಲು, ಎರಡನೇದು, ಮೂರನೇದು. ನಾಕನೇದರಾಗ ಕೆಂಪು ದಾರದ ಚೌಕ ಸಿಕ್ತು. ಅಲ್ಲಿ ನಿಂತ್ಲು. ಕೂಸಿನ ಮಾರಿ ಅದಕ್ಕ ಹಚ್ಚಿದ್ಲು. ಕೂಸು ಒಂದು ಗಳಿಗಿ ಸುಮ್ಮನಾಗಿ, ಮೂಸಿ, ಮಾರಿ ತಿರುವಿಕೊಂಡು ಮೊದಲಿಗಿಂತ ಜೋರಾಗಿ ಅಳಾಕ ಹತ್ತಿತು.

ಹೆಂಗಸರ ಜೋಡಿ ಬಾಜೂಕ ನಿಂತಿದ್ದ ಶಾಂತವ್ವ ನನ್ನ ಕಡೆ ತಿರುಗಿದ್ಲು. "ಆ ಕೂಸಿನ ಅವ್ವ ಬಸಲಿಂಗವ್ವನ ಮಗಳ್ರೀ. ಬಾಣಂತನದಾಗ ತೀರಿಕೊಂಡ್ಲು. ಅದು ಆಕಿ ಉಟ್ಟು ಬಿಟ್ಟ ಸೀರಿ."

"ನನಗ ಯಾರು ಹೇಳಿದ್ರಿ?" ಅಂದೆ.

"ನೀವು ಯಾರನ್ನ ಕೇಳಿದ್ರಿ?"

ಬಸಲಿಂಗವ್ವ ಬೈಲಿಲ್ಲ. ಬೈದಿದ್ರ ನನಗ ಹಗುರ ಆಗತಿತ್ತು, ನಾನೂ ಎದುರಾಡತಿದ್ದೆ. ಆಕಿ ಹೆಂಗಸರಿಗೆ ಇಷ್ಟೇ ಅಂದ್ಲು, "ಬಿಚ್ಚ್ರಿ." ಐದು ವಾರ ಹೊಲಿದ ಆ ಆರು ಮಂದಿ ಹಗ್ಗದ ಮ್ಯಾಲಿನ ಕೌದಿ ಕೆಳಗ ಇಳಿಸಿ, ಸೂಜಿ ತುದಿಲೆ ದಾರ ಎಬ್ಬಿಸಾಕ ಕುಂತ್ರು.

ನಾ ಓಡಿ ಹೋಗಿ ಅವರ ಕೈಯಾಗಿಂದ ಕೌದಿ ಕಸಗೊಂಡೆ. ಒಬ್ಬಾಕಿ ಬೆರಳಿಗೆ ಸೂಜಿ ಚುಚ್ಚಿತು, ನಾ ನೋಡಲಿಲ್ಲ. ಆರೂ ಟ್ರಂಕಿನ್ಯಾಗ ತುರುಕಿ, ಕೀಲಿ ಹಾಕಿ, ಕೀಲಿಕೈ ಕುಪ್ಪಸದಾಗ ಇಟ್ಕೊಂಡು ಟ್ರಂಕಿನ ಮ್ಯಾಲ ಕುಂತೆ. ಬಸಲಿಂಗವ್ವ ಆವಾಗ ಮೊದಲನೇ ಸಲ ಹೊಸ್ತಲ ದಾಟಿ ಒಳಗ ಬಂದ್ಲು.

"ನಾಕು ದಿನ ತಡೀರಿ" ಅಂದೆ. "ಸಾಹೇಬ್ರು ನೋಡಿದ ಮ್ಯಾಲ ನಾನೇ ಕುಂತು ಬಿಚ್ಚಿ ಕೊಡ್ತೇನಿ."

"ಕೂಸಿಗೆ ತಡಿ ಅಂತ ನೀವೇ ಹೇಳ್ರಿ."

"ಬಸಲಿಂಗವ್ವಾರ, ನನ್ನ ಬಾಳೇವು ಐತ್ರಿ ಇದರಾಗ. ಇದು ಹೋದ್ರ ನನ್ನ ಒಬ್ಬ ಮುದುಕಗ ಕಟ್ಟತಾರ."

"ಅದರಾಗ ನನ್ನ ಮಗಳು ಅದಾಳ" ಅಂದ್ಲು ಬಸಲಿಂಗವ್ವ.

ನಾ ಏಳಲಿಲ್ಲ.

ಆ ನಾಕು ದಿನ ಊರಾಗ ಯಾರೂ ನನ್ನ ಜೋಡಿ ಮಾತಾಡಲಿಲ್ಲ. ಹಾಲಿನಾಕಿ ಬರಲಿಲ್ಲ. ಭಾವಿಗೆ ಹೋದ್ರ ಸೇದಾಕ ಹಗ್ಗ ಬಿಡಲಿಲ್ಲ, ನಾ ಹಳ್ಳಕ್ಕ ಹೋಗಿ ವರತಿ ನೀರು ತುಂಬಿಕೊಂಡು ಬಂದೆ. ಮಧ್ಯಾಹ್ನ ಆದ್ರ ಆರು ಮಂದಿ ವರ್ಗಕ್ಕ ಬಂದಂಗನ ಬಂದು, ಖೋಲಿ ಹೊರಗ ಗ್ವಾಡಿಗೆ ಆತು ಕುಂತು, ಸಂಜಿಗೆ ಎದ್ದು ಹೋಗತಿದ್ರು. ಕೂಸಿನ ಅಳು ಬಸಲಿಂಗವ್ವನ ಮನಿಯಿಂದ ಚಾವಡಿತನಕ ಕೇಳತಿತ್ತು. ನನಗ ಅವರ ಮ್ಯಾಲ ಸಿಟ್ಟೇ ಬರತಿತ್ತು. ಮೊದಲೇ ಬಾಯಿಬಿಟ್ಟು ಹೇಳಾಕ ಏನಾಗಿತ್ತು ಇವರಿಗೆ ಅಂತ ಟ್ರಂಕಿನ ಮ್ಯಾಲ ಕುಂತು ಹಲ್ಲು ಕಡದೆ. ಮನುಷ್ಯಾ ತಪ್ಪು ಮಾಡಿದಾಗ ಎದುರಿನವರ ಮ್ಯಾಲ ಸಿಟ್ಟು ಎಷ್ಟು ಸಲೀಸ ಬರ್ತೈತಿ ಅನ್ನೂದು ನಾ ಆ ಖೋಲಿಯೊಳಗ ಕಲಿತೆ.

ಐದನೇ ದಿನ ಬಾಜೂ ಊರಿನ ಚಕ್ಕಡಿ ಹಿಡದು ಟ್ರಂಕು ಶಿಗ್ಗಾಂವ ಕಚೇರಿಗೆ ಒಯ್ದೆ. ಸಾಹೇಬ್ರು ಕೌದಿ ಬಿಡಿಸಿ ಟೇಬಲ್ ಮ್ಯಾಲ ಹಾಸಿದ್ರು, ಕನ್ನಡಕ ಏರಿಸಿ ನೋಡಿದ್ರು.

"ಭಾಳ ಛಲೋ ಹೊಲಿಗಿ, ಅಕ್ಕೋರ. ಆರಕ್ಕೂ ಈ ಹಸರು ಜೋಡಿಸೀರಲ್ಲ, ಇದು ಯಾರ ವಿಚಾರ?"

"ನನ್ನದ್ರಿ" ಅಂದೆ.

ಅವರು ಅಲ್ಲೇ ಕಾಯಂ ಹುಕುಂ ಬರೆಯಾಕ ಕುಂತ್ರು. ಬರಕೋತನೇ ಜವಾನಗ, "ಈ ಆರೂ ಜಿಲ್ಲಾ ಪ್ರದರ್ಶನಕ್ಕ ಹೋಗ್ಲಿ, ಕಟ್ಟಿ ಇಡು" ಅಂದ್ರು. ನಾ ಬಾಯಿ ತೆರದೆ. ಸಾಹೇಬ್ರ, ಅವು ಹೆಣ್ಣುಮಕ್ಕಳವು, ತಿರುಗಿ ಕೊಡಬೇಕು ಅನ್ನೂ ಮಾತು ನಾಲಗಿ ತುದಿಗೆ ಬಂದಿತ್ತು. ಅವರ ಪೆನ್ನು ಇನ್ನೂ ಕಾಗದದ ಮ್ಯಾಲ ಇತ್ತು, ಸಹಿ ಆಗಿರಲಿಲ್ಲ. ನಾ ಬಾಯಿ ಮುಚ್ಚಿದೆ. ಸಹಿ ಆತು. ಆಮ್ಯಾಲರೆ ಹೇಳಬಹುದಿತ್ತು. ಜವಾನ ಕೌದಿ ಗಂಟು ಕಟ್ಟಿ ಒಳಗ ಒಯ್ಯೂದನ್ನ ನೋಡಿಕೋತ ನಿಂತೆ.

ಕಾಯಂ ಜಾಗಾ ಶಿಗ್ಗಾಂವದಾಗ ಕೊಟ್ಟಿದ್ರು, ನನ್ನ ಹಾಸಿಗಿ, ಒಲಿ ತರಾಕ ಮರುದಿನ ಆ ಊರಿಗೆ ಹೋಗಲೇಬೇಕಾತು. ಬಸಲಿಂಗವ್ವ ಕಟ್ಟಿ ಮ್ಯಾಲ ಕೂಸನ್ನ ತೊಡಿಯಾಗ ಹಾಕ್ಕೊಂಡು ಕುಂತಿದ್ಲು. ಕೌದಿ ಎಲ್ಲಿಗೆ ಹೋದ್ವು ಅಂತ ಹೇಳಿದೆ. ತಪ್ಪಾತು ಅಂತನೂ ಹೇಳಿದೆ. ಆಕಿ ಕೂಸಿನ ಬೆನ್ನು ತಟ್ಟೂದು ನಿಲ್ಲಿಸಲಿಲ್ಲ.

"ನೌಕರಿ ಕಾಯಂ ಆತೇನ್ರಿ?"

"ಆತ್ರಿ."

"ಹಂಗಾರ ಅದನ್ನ ಹೊಚ್ಚಿಕೊಂಡು ಮಕ್ಕೊಳ್ರಿ" ಅಂದ್ಲು, ಎದ್ದು ಒಳಗ ಹೋದ್ಲು.

ಮೂರು ವರ್ಷ ಆದ ಮ್ಯಾಲ ನನಗ ಸವಣೂರಿಗೆ ವರ್ಗ ಆತು. ಅಷ್ಟರಾಗ ನಾ ಕಂಡ ಕಂಡ ಕಚೇರಿಯೊಳಗ ಆ ಕೌದಿ ಕೇಳಿದ್ದೆ, ಪ್ರದರ್ಶನ ಆದ ಮ್ಯಾಲ ಎಲ್ಲಿ ಹೋದ್ವೋ ಯಾರಿಗೂ ಗೊತ್ತಿರಲಿಲ್ಲ. ಸವಣೂರಿನ್ಯಾಗ ಒಂದಿನ ಕಚೇರಿ ಜೀಪು ಹತ್ತಾಕ ಹೋದೆ, ಡ್ರೈವರ ಕುಂಡ್ರೂ ಸೀಟಿನ ಮ್ಯಾಲ ಆ ಆರು ಕೌದಿಯೊಳಗಿಂದು ಒಂದು ಹಾಸಿತ್ತು. ಎಣ್ಣಿ ಕಲೆ, ಬೀಡಿ ಸುಟ್ಟ ತೂತು. ಡ್ರೈವರಗ ನನ್ನ ಹೊಸಾ ಜಮಖಾನಿ ಕೊಟ್ಟು ಅದನ್ನ ತಗೊಂಡು ಬಂದೆ. ಬಾಗಲ ಹಾಕಿಕೊಂಡು ಕುಂತು ಬಿಚ್ಚಿದೆ. ಶಾಂತವ್ವನ ಹೊಲಿಗಿ ಅದು, ದಾರ ಒಂದೂ ಸುಲಭಕ್ಕ ಬರಲಿಲ್ಲ. ನಾಕು ಹಸರು ಚೌಕ ಸಿಕ್ವು. ಒಂದರಾಗ ಕೆಂಪು ದಾರ ಇತ್ತು.

ಹಿರೇಬೆಂಡಿಗೇರಿಗೆ ಒಯ್ದೆ. ಅಂಗಳದಾಗ ನಾಕು ವರ್ಷದ ಹುಡುಗಿ ಹುಣಸಿಬೀಜ ಎಣಿಸಿಕೋತ ಕುಂತಿತ್ತು, ನನ್ನ ನೋಡಿ, "ಅಜ್ಜಿ, ಯಾರೋ ಬಂದಾರ" ಅಂತ ಕೂಗಿತು. ಬಸಲಿಂಗವ್ವ ಬಂದು ನನ್ನ ಗುರ್ತಾ ಹಿಡದ್ಲು, ಕುಂಡ್ರಿ ಅನ್ನಲಿಲ್ಲ. ಚೌಕ ಕೈಯಾಗ ಕೊಟ್ಟೆ. ಕೆಂಪು ದಾರದ ಮ್ಯಾಲ ಹೆಬ್ಬಟ್ಟು ಆಡಿಸಿದ್ಲು. ಆಮ್ಯಾಲ ಮೂಗಿಗೆ ಹಿಡದ್ಲು, ಭಾಳ ಹೊತ್ತು. ನಾ ಅಲ್ಲಿ ನಿಂತು, ಈಗರೆ ಅತ್ತಾಳು, ಬೈದಾಳು, ಏನರೆ ಅಂದಾಳು ಅಂತ ಕಾದೆ.

"ಇದು ಸರಕಾರದ್ದ್ರಿ, ನಮ್ಮದಲ್ಲ" ಅಂತ ನಾಕೂ ಚೌಕ ನೆಟ್ಟಗ ಮಡಚಿ ನನ್ನ ಕೈಯಾಗ ತಿರುಗಿ ಇಟ್ಲು.

ಅವು ಈಗ್ಲೂ ನನ್ನ ಟ್ರಂಕಿನ್ಯಾಗ ಅದಾವು. ಬಾಜೂ ಮನಿ ಹುಡುಗಿ ನಿನ್ನೆ ಮತ್ತ ಬಂದಿದ್ಲು, ಗ್ಯಾಸ್ ಆರಸೇನಿ ಅಜ್ಜಿ, ಈಗರೆ ಕಲಸ್ರಿ ಅಂತ. ಆ ಸೀರಿ ಯಾರವು ಅಂತ ಕೇಳಿದೆ. ಗೊತ್ತಿಲ್ರಿ, ಕಪಾಟಿನ್ಯಾಗ ಇದ್ವು, ಅಂದ್ಲು. ಮೊದಲು ನಿಮ್ಮವ್ವನ್ನ ಕೇಳಿಕೊಂಡು ಬಾ ಅಂದೆ. ಕಲಿಯೂದಿದ್ರ ಬ್ಯಾರೆಯವರ ಕಡೆ ಕಲಿ, ನಾ ಕೌದಿ ಕಲಸಂಗಿಲ್ಲ ಅಂತನೂ ಅಂದೆ. ಪೂರಾ ನೌಕರಿಯೊಳಗ ಕುಪ್ಪಸ ಕಲಿಸೇನಿ, ಹುಡುಗೇರ ಲಂಗಾ ಕಲಿಸೇನಿ, ಅದೊಂದನ್ನ ಮುಟ್ಟಿಲ್ಲ.

ಮೂವತ್ನಾಕು ವರ್ಷ ಆ ನೌಕರಿ ಮಾಡಿದೆ. ಯಾರ ಮನಿ ರೊಟ್ಟಿ ಲೆಕ್ಕಾನೂ ಕೊಡಲಿಲ್ಲ, ಅಣ್ಣನ ಮುಂದ ಕೈ ಒಡ್ಡಲಿಲ್ಲ, ಈ ಮನಿ ಅದರಾಗೇ ಕಟ್ಟಿಸಿದೆ. ಬಸಲಿಂಗವ್ವ ಹೇಳಿದಂಗ ಆ ನೌಕರಿನೇ ಹೊಚ್ಚಿಕೊಂಡು ಮಕ್ಕೊಂಡೇನಿ. ಬೆಚ್ಚಗ ಇತ್ತು, ಸುಳ್ಳು ಯಾಕ ಹೇಳ್ಲಿ.